ಬೀಸುಗಲ್ಲಿನಿಂದ ಕ್ಯಾಸೆಟ್ಟಿನವರೆಗೆ: ಶಾಂತಿಯ ಹಾಡು ಹಾಡಿದ ನಮ್ಮ ಮನೆಗಳು

ಇತ್ತೀಚಿನ ವರ್ಷಗಳಲ್ಲಿ ಹಾಡು ಎಂಬ ಮಾತು ಬಂದರೆ ನಮ್ಮ ಮೊಹಲ್ಲಾಗಳ ಹಿರಿಯರ ಮುಖ ಬಿಗಿಯಾಗುತ್ತದೆ. ಅದಕ್ಕೆ ಕಾರಣವೂ ಇದೆ. ಮೆರವಣಿಗೆಯ ದಿನ ಮಸೀದಿಯ ಎದುರು ಬಂದಾಗಲೇ ಧ್ವನಿವರ್ಧಕದ ಸದ್ದು ಏರಿಸುವುದು, ಎದುರಿನವರನ್ನು ಕೆಣಕುವ ಹಾಡು ಹಾಕಿ ಕುಣಿಯುವುದು ನಮ್ಮ ನಾಡಿನ ಹಲವು ಊರುಗಳು ಕಂಡಿರುವ ಸಂಗತಿ. ಅದಕ್ಕೆ ಉತ್ತರವೆಂಬಂತೆ ನಮ್ಮ ಹುಡುಗರೂ ಮೀಲಾದ್ ಮೆರವಣಿಗೆಗೆ ಡಿಜೆ ತರಿಸುತ್ತಾರೆ. ಪ್ರವಾದಿ(ಸ)ಯವರ ಹೆಸರಿನಲ್ಲಿ ಹೊರಟ ಮೆರವಣಿಗೆಯಲ್ಲಿ ಅವರ ಮೇಲಿನ ಸಲಾತ್ ಕೇಳಿಸದಷ್ಟು ಸದ್ದು! ಹಾಡು ಎಂದರೆ ಸೋಲಿಸುವ ಆಯುಧ ಎಂದು ಎರಡೂ ಕಡೆಯ ಮಕ್ಕಳು ತಿಳಿದುಕೊಳ್ಳುತ್ತಿದ್ದಾರೆ.

ಆದರೆ ಈ ನಾಡಿನಲ್ಲಿ ಮುಸ್ಲಿಮರ ಮನೆಯ ಹಾಡಿಗೆ ಬೇರೆಯೇ ಚರಿತ್ರೆಯಿದೆ. ಮನಸ್ಸನ್ನು ಶಾಂತಗೊಳಿಸಲು, ನೆರೆಯವರೊಡನೆ ಕೂಡಿ ಬಾಳಲು ನಮ್ಮ ಹಿರಿಯರು ಹಾಡಿದರು, ಬರೆದರು. ಅದರಲ್ಲಿ ಬಹುಪಾಲು ಹುಟ್ಟಿದ್ದು ದುಡಿಯುವ ಕೈಗಳ ಜೊತೆಯಲ್ಲಿ. ನಾಗಸಂದ್ರ, ದಾಸರಹಳ್ಳಿ, ಪೀಣ್ಯದ ಸುತ್ತಿನ ಮಸೀದಿಗಳಲ್ಲಿ ಶುಕ್ರವಾರ ಮಧ್ಯಾಹ್ನ ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದು ಸಾಲಿನಲ್ಲಿ ನಿಲ್ಲುವವರು ಎಷ್ಟೋ ಜನ. ಹಾವೇರಿ, ಗದಗ, ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದ ಕುಟುಂಬಗಳು ಅವರಲ್ಲಿವೆ. ಈ ಲೇಖನದ ಚರಿತ್ರೆ ಹೆಚ್ಚಾಗಿ ಅವರ ಊರುಗಳದ್ದೇ. ಅವರ ಮಕ್ಕಳಿಗೆ ಅದು ಗೊತ್ತಿರಬೇಕು.

ಮೊದಲಿಗೆ ಒಂದು ಮಾತು

ಹಾಡಿನ ಬಗ್ಗೆ, ವಿಶೇಷವಾಗಿ ವಾದ್ಯಗಳ ಬಗ್ಗೆ, ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ. ಅದನ್ನು ತೀರ್ಮಾನಿಸುವುದು ಚರಿತ್ರೆಯ ಲೇಖನದ ಕೆಲಸವಲ್ಲ. ಆದರೆ ಒಳ್ಳೆಯ ಮಾತನ್ನು ಲಯಕ್ಕೆ ಕೂಡಿಸಿ ಹೇಳುವುದು ಪ್ರವಾದಿ(ಸ)ಯವರ ಕಾಲದಲ್ಲೂ ಇತ್ತು ಎಂಬುದರಲ್ಲಿ ವಿವಾದವಿಲ್ಲ. ಖಂದಕ್ ಯುದ್ಧದ ಸಮಯದಲ್ಲಿ ಮದೀನಾದ ಸುತ್ತ ಕಂದಕ ತೋಡುವಾಗ ಪ್ರವಾದಿ(ಸ)ಯವರು ತಾವೇ ಮಣ್ಣು ಹೊರುತ್ತಾ ಅಬ್ದುಲ್ಲಾ ಬಿನ್ ರವಾಹಾ(ರ)ರ ಪದ್ಯಗಳನ್ನು ಹೇಳುತ್ತಿದ್ದರು ಎಂದು ಬುಖಾರಿಯಲ್ಲಿ ವರದಿಯಾಗಿದೆ. ಹಸಿವು, ಚಳಿ, ಹೊರಗೆ ಶತ್ರುಸೇನೆಯ ಭಯ. ಆ ಹೊತ್ತಿನಲ್ಲಿ ಕೈಗೆ ಬಲ, ಮನಸ್ಸಿಗೆ ಸಮಾಧಾನ ಕೊಟ್ಟದ್ದರಲ್ಲಿ ಆ ಪದ್ಯಗಳೂ ಸೇರಿದ್ದವು. ಹಸ್ಸಾನ್ ಬಿನ್ ಸಾಬಿತ್(ರ)ರಿಗೆ ಕವಿತೆ ಹೇಳಲು ಮಸೀದಿಯಲ್ಲೇ ಮಿಂಬರ್ ಇಡಿಸಿದ್ದೂ ಹದೀಸ್‌ನಲ್ಲಿ ಬಂದಿದೆ.

ಕುರ್‌ಆನ್‌ನ ಅಶ್ಶುಅರಾ ಅಧ್ಯಾಯದ ಕೊನೆಯಲ್ಲಿ ಕವಿಗಳ ಬಗ್ಗೆ ಎಚ್ಚರಿಕೆಯಿದೆ. ತಾವು ಮಾಡದ್ದನ್ನು ಆಡುತ್ತಾ ಕಂಡ ಕಂಡ ಕಡೆ ಅಲೆಯುವವರನ್ನು ಅಲ್ಲಿ ಖಂಡಿಸಲಾಗಿದೆ. ಆ ಬೆನ್ನಿಗೇ, ವಿಶ್ವಾಸವಿಟ್ಟು ಸತ್ಕರ್ಮ ಮಾಡಿ ಅಲ್ಲಾಹನನ್ನು ಹೆಚ್ಚಾಗಿ ಸ್ಮರಿಸುವವರನ್ನು ಅದರಿಂದ ಹೊರಗಿಡಲಾಗಿದೆ. ಅಂದರೆ ಹಾಡಿಗೆ ಎರಡು ಪರೀಕ್ಷೆಗಳು ಸಿಕ್ಕಿದವು. ಹಾಡಿದವನು ಹಾಗೆ ಬಾಳಿದನೇ? ಕೇಳಿದವನ ಮನಸ್ಸು ಸ್ಮರಣೆಯ ಕಡೆಗೆ ತಿರುಗಿತೇ? ಈ ಎರಡನ್ನು ಕೈಯಲ್ಲಿ ಹಿಡಿದು ನಮ್ಮ ನಾಡಿನ ಹಾಡುಗಳ ಬಳಿಗೆ ಹೋಗೋಣ.

ಬೀಸುಗಲ್ಲಿನ ಮುಂದೆ

ಕಲಬುರಗಿಯ ಹಜ್ರತ್ ಖ್ವಾಜಾ ಬಂದೇನವಾಜ್ ಗೇಸುದರಾಜ್(ರಹ) ದೆಹಲಿಯಿಂದ ದಖ್ಖನ್ನಿಗೆ ಬಂದು, 1422ರಲ್ಲಿ ಕಲಬುರಗಿಯಲ್ಲೇ ನಿಧನರಾದರು. ಅವರು ದೊಡ್ಡ ವಿದ್ವಾಂಸರು, ಅರಬಿ ಮತ್ತು ಪಾರಸಿಯಲ್ಲಿ ಬರೆದವರು. ಆದರೆ ಹಳ್ಳಿಯ ಹೆಂಗಸರಿಗೆ ಆ ಭಾಷೆಗಳು ಬರುತ್ತಿರಲಿಲ್ಲ. ಅವರಿಗಾಗಿ ಮುಂದಿನ ತಲೆಮಾರುಗಳ ಸೂಫಿಗಳು ದಖ್ಖನಿಯಲ್ಲಿ ಹಾಡು ಕಟ್ಟಿದರು. ಬಿಜಾಪುರದ ಶಾಹ್ ಮೀರಾಂಜಿ, ಅವರ ಮಗ ಬುರ್ಹಾನುದ್ದೀನ್ ಜಾನಂ ಮೊದಲಾದ ಚಿಶ್ತಿ ಹಿರಿಯರು ಜನರಿಗೆ ಅರ್ಥವಾಗುವ ಈ ಮಾತಿನಲ್ಲೇ ಧರ್ಮ ಹೇಳಲು ತೊಡಗಿದ್ದರು. ಆ ದಾರಿಯಲ್ಲಿ ಬೆಳೆದದ್ದೇ ಚಕ್ಕಿನಾಮಾ, ಚರಖಾನಾಮಾ ಎಂಬ ಹಾಡುಗಳು. ಒಂದು ಬೀಸುವಾಗ ಹಾಡುವುದು, ಇನ್ನೊಂದು ನೂಲುವಾಗ ಹಾಡುವುದು. ಬಂದೇನವಾಜ್‌ರ ಹೆಸರಿನಲ್ಲೂ ಒಂದು ಚಕ್ಕಿನಾಮಾ ಹೇಳುವ ರೂಢಿಯಿದೆ.

ಈ ಹಾಡುಗಳ ಬಗೆ ತುಂಬಾ ಸರಳ. ಕಣ್ಣೆದುರಿನ ವಸ್ತುವನ್ನೇ ಪಾಠವಾಗಿಸುವುದು. ಬೀಸುಗಲ್ಲಿನ ಹಿಡಿಗೂಟ ನೆಟ್ಟಗೆ ನಿಂತಿರುತ್ತದೆ, ಅದು ಅಲಿಫ್ ಅಕ್ಷರದಂತೆ ಕಾಣುತ್ತದೆ, ಅಲಿಫ್ ಎಂದರೆ ಅಲ್ಲಾಹನ ಹೆಸರಿನ ಮೊದಲಕ್ಷರ. ಕಲ್ಲು ಸುತ್ತುವ ನಡುವಿನ ಕೀಲು ಪ್ರವಾದಿ(ಸ)ಯವರನ್ನು ನೆನಪಿಸುತ್ತದೆ. ಹೀಗೆ ಹೇಳುತ್ತಾ ಹೇಳುತ್ತಾ ಕಲ್ಲಿನ ಸುತ್ತಿಗೆ ಸರಿಯಾಗಿ ಝಿಕ್ರ್ ಸಾಗುತ್ತದೆ. ನಸುಕಿನಲ್ಲಿ ಎದ್ದು ಮನೆಯವರಿಗೆಲ್ಲ ಹಿಟ್ಟು ಬೀಸುವ ಹೆಣ್ಣುಮಗಳಿಗೆ ಖಾನ್‌ಖಾಹ್‌ಗೆ ಹೋಗಿ ಕೂರಲು ಬಿಡುವೆಲ್ಲಿ? ಅವಳ ಝಿಕ್ರ್ ಹಿಟ್ಟಿನ ಜೊತೆಗೇ ನಡೆಯಬೇಕಿತ್ತು. ಹೃದಯಗಳಿಗೆ ನೆಮ್ಮದಿ ಸಿಗುವುದು ಅಲ್ಲಾಹನ ಸ್ಮರಣೆಯಿಂದ ಎಂದು ಅರ್‌ರಅದ್ ಅಧ್ಯಾಯ ತಿಳಿಸುತ್ತದೆ. ಆ ನೆಮ್ಮದಿಯನ್ನು ಅಡುಗೆಮನೆಯ ಮೂಲೆಗೆ ತಂದುಕೊಟ್ಟವು ಈ ಹಾಡುಗಳು.

ಬಿಜಾಪುರದ ಸೂಫಿಗಳ ಬಗ್ಗೆ 1978ರಲ್ಲಿ ಪುಸ್ತಕ ಪ್ರಕಟಿಸಿದ ಇತಿಹಾಸಕಾರ ರಿಚರ್ಡ್ ಈಟನ್ ಈ ಹಾಡುಗಳಿಗೆ ದೊಡ್ಡ ಸ್ಥಾನ ಕೊಡುತ್ತಾರೆ. ದಖ್ಖನ್ನಿನ ಹಳ್ಳಿಗಳಲ್ಲಿ ಇಸ್ಲಾಮಿನ ಪರಿಚಯ ಮನೆಮನೆಗೆ ಹರಡಿದ್ದರಲ್ಲಿ ಹೆಂಗಸರ ಈ ಹಾಡುಗಳ ಪಾತ್ರವಿತ್ತು, ಹಾಡುವ ತಾಯಿಯ ಮಡಿಲಲ್ಲಿದ್ದ ಮಗುವಿಗೆ ಮೊದಲ ಪಾಠ ಅಲ್ಲೇ ಆಗುತ್ತಿತ್ತು ಎಂಬುದು ಅವರ ವಾದದ ಸಾರ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅದೇ ಬಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಎಂಬ ಸಂಗ್ರಹವನ್ನು ಹೊರತಂದರು. ಅದು ಕನ್ನಡದ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡಿದ ತ್ರಿಪದಿಗಳ ಸಂಗ್ರಹ. ಒಂದೇ ಸೀಮೆ, ಒಂದೇ ಬಗೆಯ ಕಲ್ಲು, ಒಂದೇ ನಸುಕು. ಒಂದು ಮನೆಯಲ್ಲಿ ದಖ್ಖನಿ, ಪಕ್ಕದ ಮನೆಯಲ್ಲಿ ಕನ್ನಡ. ಇಬ್ಬರ ಹಾಡಿನಲ್ಲೂ ದೇವರ ನೆನಪಿನಿಂದಲೇ ಕೆಲಸದ ಆರಂಭ. ಈ ಹೆಂಗಸರು ಸೌಹಾರ್ದ ಸಭೆ ನಡೆಸಿದವರಲ್ಲ. ಗೋಡೆಯಾಚೆಗಿನ ಹಾಡು ಕೇಳಿಸಿಕೊಂಡು ಬಾಳಿದವರು. ಮುಂದೆ ಊರಿಗೆ ಹಿಟ್ಟಿನ ಗಿರಣಿ ಬಂತು, ಎರಡೂ ಮನೆಯ ಹಾಡು ಒಟ್ಟಿಗೇ ನಿಂತಿತು.

ಶಿಶುನಾಳದ ಷರೀಫರು

ದಖ್ಖನಿಯ ಗೆರೆ ದಾಟಿ, ನೆರೆಯವರ ಕನ್ನಡದಲ್ಲೇ ಹಾಡು ಕಟ್ಟಿದವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಶಿಶುನಾಳ ಷರೀಫರದು. ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ 1819ರ ಜುಲೈ 3ರಂದು ಹುಟ್ಟಿದರು. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಕೆಲಕಾಲ ಶಾಲೆಯಲ್ಲಿ ಮಾಸ್ತರಿಕೆ ಮಾಡಿದರು. ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಒಪ್ಪಿಕೊಂಡರು. ಮುಸ್ಲಿಂ ಶಿಷ್ಯ, ಬ್ರಾಹ್ಮಣ ಗುರು. ಇದನ್ನು ಇಬ್ಬರ ಕಡೆಯವರೂ ಸುಲಭವಾಗಿ ಸಹಿಸಲಿಲ್ಲ ಎಂದು ಆ ಕಡೆಯ ಜನ ಇಂದಿಗೂ ಹೇಳುತ್ತಾರೆ. ಮದುವೆಯಾದ ಫಾತಿಮಾ ಮತ್ತು ಹುಟ್ಟಿದ ಮಗಳು ಇಬ್ಬರನ್ನೂ ಬೇಗ ಕಳೆದುಕೊಂಡರು. 1889ರಲ್ಲಿ, ಹುಟ್ಟಿದ ದಿನದಂದೇ, ಎಪ್ಪತ್ತು ತುಂಬಿ ತೀರಿಕೊಂಡರು.

ಅವರ ತತ್ವಪದಗಳ ಬಗೆ ಚಕ್ಕಿನಾಮಾದ ಬಗೆಯನ್ನೇ ಹೋಲುತ್ತದೆ. ಕೈಗೆ ಸಿಕ್ಕ ವಸ್ತುವೇ ಪಾಠ. ಮಳೆಗಾಲದಲ್ಲಿ ಸೋರುವ ಮಣ್ಣಿನ ಮಾಳಿಗೆ ಧಾರವಾಡ ಸೀಮೆಯ ಪ್ರತಿ ಬಡವನ ಸಂಕಟ. ಷರೀಫರು ಅದನ್ನು ಅಜ್ಞಾನದಿಂದ ಸೋರುವ ಮನಸ್ಸಿನ ಕಥೆಯಾಗಿಸಿದರು. ಚಿಕ್ಕದು ದೊಡ್ಡದನ್ನು ನುಂಗುತ್ತಾ ಹೋಗುವ ಅವರ ಒಗಟಿನ ಪದವನ್ನು ಹಾಡಿ ಮಕ್ಕಳು ನಗುತ್ತಾರೆ, ದೊಡ್ಡವರು ಕೊನೆಗೆ ಸುಮ್ಮನಾಗುತ್ತಾರೆ. ಅಹಂಕಾರ ಕರಗುವುದನ್ನು ಅಷ್ಟು ಸಲೀಸಾಗಿ ಹೇಳುವುದು ಸುಲಭವಲ್ಲ. ಆ ಕಾಲಕ್ಕೆ ಹೊಸದಾಗಿ ಬಂದ ಗಿರಣಿ ಯಂತ್ರದ ಮೇಲೂ ಅವರ ಪದವಿದೆ. ಯಂತ್ರ ಕಂಡು ಬೆರಗಾದ ಜನರಿಗೆ, ನಿಮ್ಮೊಳಗೂ ಒಂದು ಗಿರಣಿ ನಡೆಯುತ್ತಿದೆ, ಅದನ್ನು ನೋಡಿಕೊಳ್ಳಿ ಎಂದು ಹೇಳಿದಂತಿದೆ ಅದು. ಪೀಣ್ಯದ ಯಂತ್ರಗಳ ಮುಂದೆ ದಿನಕ್ಕೆ ಎಂಟು ಹತ್ತು ಗಂಟೆ ನಿಲ್ಲುವವರಿಗೆ ಆ ಪದ ಬೇಗ ಅರ್ಥವಾದೀತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಅದನ್ನು ಮುಚ್ಚಿಡಬೇಕಿಲ್ಲ. ಷರೀಫರ ಪದಗಳ ಅಂಕಿತ ಶಿಶುನಾಳಧೀಶ, ಅಂದರೆ ಅವರ ಊರಿನ ದೇವರು. ಅವರ ಎಷ್ಟೋ ಪದಗಳಲ್ಲಿ ನಮ್ಮ ತೌಹೀದ್‌ಗೆ ಒಗ್ಗದ ಮಾತುಗಳಿವೆ. ಅವರು ತೀರಿಕೊಂಡಾಗ ಎರಡೂ ಸಮುದಾಯದ ಪದ್ಧತಿಯಂತೆ ವಿಧಿಗಳು ನಡೆದವೆಂದು ಹೇಳುತ್ತಾರೆ. ಆದ್ದರಿಂದ ಅಕೀದಾ ಕಲಿಯಲು ಷರೀಫರ ಬಳಿಗೆ ಹೋಗಬೇಕೆಂದು ಯಾರೂ ಹೇಳುವುದಿಲ್ಲ. ಅದಕ್ಕೆ ಕುರ್‌ಆನ್ ಇದೆ, ಸುನ್ನತ್ ಇದೆ. ಹಾಗೆಂದು ಅವರನ್ನು ನಮ್ಮ ಚರಿತ್ರೆಯಿಂದಲೇ ತೆಗೆದುಹಾಕಿದರೆ ನಷ್ಟ ನಮಗೇ. ಬೇರೆಯವರ ದೋಷ ಎಣಿಸುವ ಮೊದಲು ನಿನ್ನ ಮಾಳಿಗೆ ನೋಡಿಕೋ ಎಂದವರು ಅವರು. ಗಳಿಕೆ, ಜಾತಿ, ಒಣ ಜಂಬ ಇವುಗಳ ಬಗ್ಗೆ ಅವರು ಹೇಳಿದ್ದನ್ನು ಯಾವ ಖತೀಬರೂ ಅಲ್ಲಗಳೆಯಲಾರರು. ಒಬ್ಬ ಮನುಷ್ಯನಿಂದ ಒಳ್ಳೆಯದನ್ನು ತೆಗೆದುಕೊಂಡು ಉಳಿದದ್ದನ್ನು ಅಲ್ಲಾಹನಿಗೆ ಬಿಡುವುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು.

ಷರೀಫರು ಮೊಹರಂ ಸಮಯದ ರಿವಾಯತ್ ಪದಗಳನ್ನೂ ಕನ್ನಡದಲ್ಲಿ ಬರೆದರು. ಹಿಜರಿ 61ರ ಮೊಹರಂ 10ರಂದು ಕರ್ಬಲಾದಲ್ಲಿ ಇಮಾಮ್ ಹುಸೇನ್(ರ) ಹುತಾತ್ಮರಾದ ಕಥೆ ಆ ಪದಗಳಲ್ಲಿ ಬರುತ್ತದೆ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಇವನ್ನು ಹಾಡುವವರು ಮುಸ್ಲಿಮೇತರರು. ಒಂದೂ ಮುಸ್ಲಿಂ ಮನೆಯಿಲ್ಲದ ಊರುಗಳಲ್ಲೂ ಮೊಹರಂ ನಡೆಯುತ್ತದೆ. ಅಲಾವಿ ಕುಣಿತ, ಪಂಜಾಗಳ ಆಚರಣೆ ಇವುಗಳ ಬಗ್ಗೆ ಉಲಮಾಗಳ ಆಕ್ಷೇಪ ಇದ್ದೇ ಇದೆ, ಅದಕ್ಕೆ ಕಾರಣಗಳೂ ಇವೆ. ಆದರೆ ಒಂದು ಮಾತು ನಿಜ. ಅನ್ಯಾಯದ ಅರಸನಿಗೆ ತಲೆಬಾಗದ ಪ್ರವಾದಿ(ಸ)ಯವರ ಮೊಮ್ಮಗನ ಹೆಸರು ಕನ್ನಡದ ರೈತನ ಬಾಯಿಗೆ ಬಂದದ್ದು ಪ್ರವಚನದಿಂದ ಮಾತ್ರವಲ್ಲ, ಈ ಪದಗಳಿಂದಲೂ ಹೌದು.

ಕ್ಯಾಸೆಟ್ ತಂದದ್ದು

ಷರೀಫರ ಪದಗಳು ನೂರು ವರ್ಷ ಹೆಚ್ಚಾಗಿ ಭಜನೆಯವರ ಬಾಯಲ್ಲೇ ಉಳಿದವು. ಬೆಂಗಳೂರಿನ ಮನೆಗಳಿಗೆ ಅವು ಬಂದದ್ದು ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಮತ್ತು ಗಾಯಕ ಸಿ. ಅಶ್ವತ್ಥ್ ಅವರಿಂದ. ಭಟ್ಟರು ಈ ಪದಗಳಲ್ಲಿ ಎಷ್ಟು ಮುಳುಗಿದರೆಂದರೆ ಜನ ಅವರನ್ನು 'ಷರೀಫ್ ಭಟ್ಟರು' ಎಂದೇ ಕರೆದರು. 1990ರಲ್ಲಿ ಟಿ.ಎಸ್. ನಾಗಾಭರಣ 'ಸಂತ ಶಿಶುನಾಳ ಷರೀಫ' ಚಿತ್ರ ಮಾಡಿದರು. ರಾಷ್ಟ್ರೀಯ ಭಾವೈಕ್ಯದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಒಬ್ಬ ಮುಸ್ಲಿಂ ಮಾಸ್ತರನ ಪದಗಳನ್ನು ನಾಡಿಗೆಲ್ಲ ಹಂಚಿದವರು ಮುಸ್ಲಿಮೇತರರು. ಈ ಋಣವನ್ನು ನಾವು ಮರೆಯಬಾರದು.

ಅದಕ್ಕೂ ಮೊದಲೇ, 1978ರಲ್ಲಿ, 'ನಿತ್ಯೋತ್ಸವ' ಎಂಬ ಕ್ಯಾಸೆಟ್ ಬಂದಿತ್ತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಅದನ್ನು ಗುರುತಿಸುತ್ತಾರೆ. ಸಂಗೀತ ಮೈಸೂರು ಅನಂತಸ್ವಾಮಿಯವರದು, ಕವಿತೆಗಳು ಕೆ.ಎಸ್. ನಿಸಾರ್ ಅಹಮದರದು. ನಿಸಾರರು ನಮ್ಮ ಬೆಂಗಳೂರಿನ ಉತ್ತರಕ್ಕಿರುವ ದೇವನಹಳ್ಳಿಯಲ್ಲಿ 1936ರ ಫೆಬ್ರವರಿ 5ರಂದು ಹುಟ್ಟಿದವರು. ಓದಿದ್ದು ಭೂವಿಜ್ಞಾನ, ಮಾಡಿದ್ದು ಕಾಲೇಜಿನಲ್ಲಿ ಪಾಠ, ಬರೆದದ್ದು ಕನ್ನಡ ಕವಿತೆ. 2006ರಲ್ಲಿ ಶಿವಮೊಗ್ಗದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, 2008ರಲ್ಲಿ ಪದ್ಮಶ್ರೀ ಬಂತು. 2020ರ ಮೇ 3ರಂದು, ರಮಝಾನ್ ತಿಂಗಳಿನಲ್ಲಿ, ಲಾಕ್‌ಡೌನ್ ನಡುವೆ ತೀರಿಕೊಂಡರು. ಅವರ ನಾಡಗೀತೆಯಂತಹ ಆ ಹಾಡಿಲ್ಲದೆ ಇಂದಿಗೂ ಎಷ್ಟೋ ಶಾಲೆಗಳಲ್ಲಿ ನವೆಂಬರ್ 1 ಮುಗಿಯುವುದಿಲ್ಲ.

ಆದರೆ ಅದೇ ನಿಸಾರರು 'ನಿಮ್ಮೊಡನಿದ್ದೂ ನಿಮ್ಮಂತಾಗದೆ' ಎಂಬ ಕವಿತೆಯನ್ನೂ ಬರೆದರು. ಜೊತೆಯಲ್ಲೇ ಬದುಕುತ್ತಾ ತನ್ನತನವನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ, ಸಂಶಯದ ಕಣ್ಣುಗಳ ನಡುವೆ ಮುಗುಳ್ನಗುತ್ತಾ ಇರುವುದು ಎಷ್ಟು ಕಷ್ಟ ಎಂಬುದು ಅದರ ವಸ್ತು. ನಾಡನ್ನು ಹೊಗಳಿ ಹಾಡಿದ ಕವಿಗೇ ಈ ನೋವು ಇತ್ತು. ಮನೆ ಬಾಡಿಗೆಗೆ ಕೇಳಲು ಹೋಗಿ ಹೆಸರು ಹೇಳಿದ ಕೂಡಲೇ ಎದುರಿನವರ ದನಿ ಬದಲಾದದ್ದನ್ನು ಕಂಡವರಿಗೆ ಆ ಕವಿತೆಯನ್ನು ವಿವರಿಸಬೇಕಿಲ್ಲ.

ಈ ಎರಡನ್ನೂ ಒಟ್ಟಿಗೆ ಓದಬೇಕು. ಒಂದರಲ್ಲಿ ಐಕ್ಯದ ಸಂತೋಷ, ಇನ್ನೊಂದರಲ್ಲಿ ಐಕ್ಯದ ಬೆಲೆ. ಎಲ್ಲರೂ ಒಂದೇ ಆಗುವುದು ಐಕ್ಯವಲ್ಲ. ಜನಾಂಗಗಳನ್ನೂ ಗೋತ್ರಗಳನ್ನೂ ಮಾಡಿದ್ದು ನೀವು ಪರಸ್ಪರ ಅರಿತುಕೊಳ್ಳಲೆಂದು ಎಂಬ ಅರ್ಥದ ಮಾತು ಅಲ್‌ಹುಜುರಾತ್ ಅಧ್ಯಾಯದಲ್ಲಿದೆ. ಭಾಷೆಗಳ ಮತ್ತು ಬಣ್ಣಗಳ ವ್ಯತ್ಯಾಸ ಅಲ್ಲಾಹನ ನಿದರ್ಶನಗಳಲ್ಲಿ ಸೇರಿದೆ ಎಂದು ಅರ್‌ರೂಮ್ ಅಧ್ಯಾಯ ತಿಳಿಸುತ್ತದೆ. ಹಾಗಿದ್ದರೆ ಕನ್ನಡವೂ ಒಂದು ನಿದರ್ಶನವೇ. ಕನ್ನಡ ಚೆನ್ನಾಗಿ ಆಡುವ, ಚೆನ್ನಾಗಿ ಬರೆಯುವ ಮುಸ್ಲಿಂ ಮಗು ದೀನ್‌ನಿಂದ ದೂರ ಹೋಗುತ್ತಿಲ್ಲ, ನೆರೆಯವನಿಗೆ ತನ್ನನ್ನು ಅರ್ಥಮಾಡಿಸುವ ದಾರಿಯಲ್ಲಿದೆ.

ನೇಯುತ್ತಾ ಹಾಡಿದವರು

ನಮ್ಮ ಕಾಲದಲ್ಲಿ ಈ ಪರಂಪರೆಯನ್ನು ಮುಂದುವರಿಸಿದವರು ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಇಬ್ರಾಹಿಂ ಸುತಾರರು. 1940ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿ, ಮೂರನೇ ತರಗತಿಗೆ ಶಾಲೆ ಬಿಟ್ಟು, ನೇಕಾರಿಕೆಗೆ ಇಳಿದವರು. 1970ರಲ್ಲಿ ಭಾವೈಕ್ಯ ಜಾನಪದ ಸಂಗೀತ ಮೇಳ ಕಟ್ಟಿಕೊಂಡು ಹಳ್ಳಿಹಳ್ಳಿ ತಿರುಗಿದರು. ಅವರ ಕಾರ್ಯಕ್ರಮದಲ್ಲಿ ಹಾಡಿನ ನಡುವೆ ಪ್ರಶ್ನೋತ್ತರ ಇರುತ್ತಿತ್ತು. ಮೇಳದವರೊಬ್ಬರು ಸಂಶಯ ಎತ್ತುವರು, ಸುತಾರರು ಉತ್ತರಿಸುವರು, ಮತ್ತೆ ಹಾಡು. ಕೇಳುವವರ ಮನಸ್ಸಿನ ಪ್ರಶ್ನೆಯೇ ವೇದಿಕೆಯ ಮೇಲೆ ಬರುತ್ತಿತ್ತು. ಜನ ಅವರನ್ನು 'ಕನ್ನಡದ ಕಬೀರ' ಎಂದರು. 2018ರಲ್ಲಿ ಪದ್ಮಶ್ರೀ ಬಂತು, 2022ರ ಫೆಬ್ರವರಿ 5ರಂದು ತೀರಿಕೊಂಡರು.

ಸುತಾರರ ಬಗ್ಗೆಯೂ ಷರೀಫರ ಬಗ್ಗೆ ಹೇಳಿದ ಮಾತೇ ಅನ್ವಯಿಸುತ್ತದೆ. ಅವರು ಹೇಳಿದ್ದೆಲ್ಲವನ್ನೂ ನಾವು ಒಪ್ಪಬೇಕಿಲ್ಲ. ಆದರೆ ಆರಂಭದಲ್ಲಿ ಹೇಳಿದ ಮೊದಲ ಪರೀಕ್ಷೆಯನ್ನು ನೆನಪಿಸಿಕೊಳ್ಳಿ. ಮಗ್ಗದ ಮುಂದಿನಿಂದ ಎದ್ದು ಬಂದ ಅವರು ಐವತ್ತು ವರ್ಷ ಹಳ್ಳಿಗಳ ಕಟ್ಟೆಗಳ ಮೇಲೆ ಕೂತು, ಜಗಳ ಬೇಡ ಎಂದು ಹೇಳುತ್ತಾ ಬಾಳಿದರು. ಆಡಿದ್ದನ್ನು ಮಾಡಿದರು.

ಈಗ ನಮ್ಮ ಸರದಿ

ಈ ಚರಿತ್ರೆಯನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬೀಸುವ ಹೆಂಗಸು, ಮಾಸ್ತರಿಕೆಯ ಷರೀಫರು, ಪಾಠ ಹೇಳುವ ನಿಸಾರರು, ನೇಕಾರ ಸುತಾರರು, ಇವರಾರೂ ನೆಮ್ಮದಿಯ ದಿನಗಳಲ್ಲಿ ಕೂತು ಶಾಂತಿಯ ಬಗ್ಗೆ ಹಾಡಲಿಲ್ಲ. ದುಡಿಮೆ, ಸಾವು, ಸಂಶಯ, ಬಡತನ ಇವುಗಳ ನಡುವೆ ಹಾಡಿದರು. ಮೊದಲು ತಮ್ಮ ಮನಸ್ಸನ್ನು ಸಮಾಧಾನಕ್ಕೆ ತಂದುಕೊಂಡರು. ಆ ಸಮಾಧಾನ ನೆರೆಮನೆಗೂ ಕೇಳಿಸಿತು. ಡಿಜೆಯ ದಾರಿ ಇದಕ್ಕೆ ತೀರಾ ವಿರುದ್ಧ. ಅಲ್ಲಿ ಮೊದಲು ನೆರೆಯವನ ಕಿವಿಗೆ ಹೊಡೆತ ಬೀಳುತ್ತದೆ, ಹಾಡಿಸಿದವನ ಎದೆಯಲ್ಲೂ ಏನೂ ಉಳಿಯುವುದಿಲ್ಲ.

ನಾಗಸಂದ್ರಕ್ಕೆ ಮೆಟ್ರೋ ಬಂದದ್ದು 2015ರ ಮೇ 1ರಂದು. 2024ರ ನವೆಂಬರ್‌ನಲ್ಲಿ ಮಾದಾವರಕ್ಕೆ ದಾರಿ ತೆರೆಯುವವರೆಗೂ ಹಸಿರು ಮಾರ್ಗ ಇಲ್ಲಿಗೇ ಮುಗಿಯುತ್ತಿತ್ತು. ಊರಿನಿಂದ ಬರುವ ಬಸ್ಸು ತುಮಕೂರು ರಸ್ತೆಯಲ್ಲಿ ಇಳಿಸುತ್ತದೆ, ಅಲ್ಲಿಂದ ಬದುಕು ಶುರುವಾಗುತ್ತದೆ. ಸಾಮಾನು ತಂದವರು ಹಾಡನ್ನು ಊರಿನಲ್ಲೇ ಬಿಟ್ಟು ಬಂದಿರಬಹುದು. ದಾದಿ, ನಾನಿ ಇನ್ನೂ ಇರುವ ಮನೆಯವರು ಈ ತಿಂಗಳು ಅವರ ಪಕ್ಕ ಕೂತು ಕೇಳಿ: ಬೀಸುವಾಗ, ತೊಟ್ಟಿಲು ತೂಗುವಾಗ ನಿಮ್ಮ ಅಮ್ಮಿ ಏನು ಹೇಳುತ್ತಿದ್ದರು? ನೆನಪಿದ್ದಷ್ಟನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಕನ್ನಡ ಅಕ್ಷರದಲ್ಲಿ ಬರೆದಿಡಿ. ನವೆಂಬರ್ 1ಕ್ಕೆ ಶಾಲೆಯಲ್ಲಿ ಹಾಡಲು ಹೋಗುವ ಮಗುವಿಗೆ, ಇದನ್ನು ಬರೆದವರು ದೇವನಹಳ್ಳಿಯ ಒಂದು ಮುಸ್ಲಿಂ ಮನೆಯ ಮಗ ಎಂದು ಹೇಳಿ ಕಳಿಸಿ. ಮಗು ತಲೆಯೆತ್ತಿ ಹಾಡುತ್ತದೆ. ಮುಂದಿನ ರಬೀಉಲ್ ಅವ್ವಲ್‌ನಲ್ಲಿ ಮೆರವಣಿಗೆಯ ಸಮಿತಿಯಲ್ಲಿರುವ ಹಿರಿಯರು ಡಿಜೆಗೆ ಕೊಡುವ ಹಣವನ್ನು ಬೇರೆ ಸತ್ಕಾರ್ಯಕ್ಕೆ ಇಟ್ಟು, ಮಕ್ಕಳ ಬಾಯಲ್ಲಿ ಸಲಾತ್ ಮತ್ತು ನಾತ್ ಹೇಳಿಸಲಿ. ಆ ದನಿ ಪಕ್ಕದ ಬೀದಿಗೆ ಕೇಳಿಸಿದರೂ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ.

ಅಲ್ಲಾಹನು ನಮ್ಮ ಹೃದಯಗಳಿಗೆ ತನ್ನ ಸ್ಮರಣೆಯ ನೆಮ್ಮದಿ ಕೊಡಲಿ, ನಮ್ಮ ನಾಲಿಗೆಯಿಂದ ನೆರೆಯವರಿಗೆ ಒಳಿತಾಗಲಿ, ನಮ್ಮ ಮನೆಗಳನ್ನೂ ನೆರೆಮನೆಗಳನ್ನೂ ಕಾಪಾಡಲಿ. ಆಮೀನ್.